ಪುಟಾಣಿ ರೈಲಿನ ಹಿಂದೆ ಕಳಚಿಡುವ ಆಕಾಶ

ಮಾದರಿ ರೈಲುಗಳ ಲೋಕದಲ್ಲಿ ಸದಾ ಕಾಡುವುದು ಜಾಗದ ಕೊರತೆ. ‘ಎನ್’ ಎಂಬ ಅಳತೆಯಲ್ಲಿ ಪ್ರತಿಯೊಂದೂ ನಿಜ ಗಾತ್ರದ 160ನೇ ಒಂದು ಭಾಗ. ಹಳಿಗಳ ನಡುವಿನ ಅಂತರ ಕೇವಲ 9 ಮಿ.ಮೀ. ಆದರೂ 2 ಅಡಿ ಅಗಲದ ಮೇಜಿನಲ್ಲಿ ಹಿಡಿಯುವುದು ನಿಜಲೋಕದ 320 ಅಡಿ ಮಾತ್ರ. ಹಳಿಯಾಚೆಗಿನ ಗದ್ದೆ, ಗುಡ್ಡ, ದಿಗಂತಗಳಿಗೆ ಅಲ್ಲಿ ಎಡೆಯಿಲ್ಲ. ಈ ಕೊರತೆಯನ್ನು ನೀಗಿಸುವುದು ಮೇಜಿನ ಹಿಂಬದಿಯಲ್ಲಿ ನಿಲ್ಲಿಸುವ ಚಿತ್ರಿತ ಫಲಕ. ಕಂಪನಿ ನಾಟಕಗಳ ಸೀನರಿ ಪರದೆ ಮಾಡುವ ಕೆಲಸವೇ ಇದರದೂ.

ಕಳಚುವುದೇಕೆ?

ನಾಟಕದ ಪರದೆ ಮೇಲೇರುವುದು ದೃಶ್ಯ ಬದಲಿಸಲು. ರೈಲಿನ ಫಲಕ ಸರಿಯಬೇಕಾದುದು ಕೈಗೆ ದಾರಿ ಬಿಡಲು. ಫಲಕವನ್ನು ಮೊಳೆ ಹೊಡೆದು ಬಿಗಿದರೆ, ಹಿಂದಿನ ಸಾಲಿನಲ್ಲಿ ಬೋಗಿ ಹಳಿ ತಪ್ಪಿದಾಗ ಮುಂದಿನಿಂದಲೇ ತೋಳು ಚಾಚಬೇಕಾಗುತ್ತದೆ. ಒಂದು ಬೋಗಿಯನ್ನೆತ್ತುವ ಭರದಲ್ಲಿ ತಿಂಗಳುಗಟ್ಟಲೆ ಕುಳಿತು ನೆಟ್ಟ ಮರಗಳು, ಸಿಗ್ನಲ್ ಕಂಬಗಳು ಮುರಿದುಬೀಳಬಹುದು. ಹಳಿಯ ಧೂಳು ಒರೆಸುವುದಕ್ಕೂ ಇದೇ ತೊಡಕು.

1970ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಆರಂಭವಾದ ‘ಎನ್‌ಟ್ರ್ಯಾಕ್’ ಪದ್ಧತಿ ಇದಕ್ಕೊಂದು ಉತ್ತಮ ನಿದರ್ಶನ. ಹವ್ಯಾಸಿಗಳು ತಮ್ಮ ಮನೆಗಳಲ್ಲಿ 4 ಅಡಿ ಉದ್ದ, 2 ಅಡಿ ಅಗಲದ ಘಟಕಗಳನ್ನು ನಿರ್ಮಿಸಿ, ಪ್ರದರ್ಶನದ ದಿನ ಒಂದಕ್ಕೊಂದು ಜೋಡಿಸುತ್ತಾರೆ. ಆಕಾಶ ಬರೆದ ಫಲಕದ ಮುಂದೆ ಪ್ರೇಕ್ಷಕರು, ಹಿಂದೆ ರೈಲು ನಡೆಸುವವರು. ಇಂತಹ ಘಟಕಗಳನ್ನು ವಾಹನದಲ್ಲಿ ಸಾಗಿಸುವಾಗ ಎತ್ತರದ ಫಲಕ ಬೇರ್ಪಡುವಂತಿದ್ದರೆ ಎರಡಕ್ಕೂ ಕ್ಷೇಮ.

ನಿಲ್ಲಿಸುವ ಬಗೆ

ಸಾಮಾನ್ಯವಾಗಿ 3 ಮಿ.ಮೀ. ದಪ್ಪದ ಹಾರ್ಡ್‌ಬೋರ್ಡ್ ಅಥವಾ ತೆಳು ಪ್ಲೈವುಡ್ ಬಳಸಿ, ಬಾಗದಂತೆ ಹಿಂದೆ ಮರದ ಪಟ್ಟಿಗಳನ್ನು ಕೂಡಿಸಲಾಗುತ್ತದೆ. ಎರಡೂ ಬದಿಗೆ ಬಣ್ಣ ಬಳಿಯುವುದು ಅಗತ್ಯ. ಇಲ್ಲವಾದರೆ ಬಣ್ಣವಿಲ್ಲದ ಬದಿ ತೇವ ಹೀರಿ ಫಲಕ ಸೊಟ್ಟಗಾಗುತ್ತದೆ.

ಗೋಡೆಯ ಪಕ್ಕದ ಮೇಜಾದರೆ 45 ಡಿಗ್ರಿ ಓರೆಯಾಗಿ ಕೊಯ್ದ ಎರಡು ಪಟ್ಟಿಗಳು ಸಾಕು. ಒಂದು ಗೋಡೆಗೆ, ಇನ್ನೊಂದು ಫಲಕದ ಬೆನ್ನಿಗೆ. ಒಂದರ ಮೇಲೊಂದು ಕೂರಿಸಿದಾಗ ಫಲಕದ ಭಾರವೇ ಅದನ್ನು ಗೋಡೆಗೆ ಒತ್ತಿ ಹಿಡಿಯುತ್ತದೆ, ಮೇಲೆತ್ತಿದರೆ ಕಳಚಿಕೊಳ್ಳುತ್ತದೆ. ಗೋಡೆಯಿಲ್ಲದೆಡೆ ಮೇಜಿನ ಹಿಂಚೌಕಟ್ಟಿಗೆ ಬೋಲ್ಟ್ ಹಾಕಿ, ಸ್ಪ್ಯಾನರ್ ಬೇಡದೆ ಬೆರಳಿನಿಂದಲೇ ತಿರುಗಿಸಬಲ್ಲ ನಟ್ಟುಗಳಿಂದ ಬಿಗಿಯಬಹುದು. ವೆಲ್ಕ್ರೋ ಪಟ್ಟಿ, ಅಯಸ್ಕಾಂತಗಳು ಹಗುರವಾದ ಫೋಮ್ ಹಲಗೆಗೆ ಮಾತ್ರ ಸೂಕ್ತ.

ಮರೆಯಬಾರದ ನಿಯಮ

ಫಲಕದ ಮೇಲಿನದು ಫಲಕದೊಡನೆ ಹೋಗಬೇಕು, ನೆಲದ ಮೇಲಿನದು ನೆಲದಲ್ಲೇ ಉಳಿಯಬೇಕು. ಎರಡಕ್ಕೂ ಅಂಟಿಸಿದ ಒಂದು ಪೊದೆಯಿದ್ದರೂ ಕಳಚುವಾಗ ಗುಡ್ಡವೇ ಕಿತ್ತು ಬರುತ್ತದೆ. ಫಲಕದ ಕೆಳಅಂಚನ್ನು ನೆಲಮಟ್ಟಕ್ಕಿಂತ ತುಸು ಕೆಳಗಿಳಿಸಿ, ಅದರ ಮುಂದೆ ಬೇಲಿಯನ್ನೋ ದಿಬ್ಬವನ್ನೋ ಇರಿಸಿದರೆ ಬಿರುಕು ಕಾಣದು. ಎರಡು ಫಲಕಗಳು ಸೇರುವ ಗೆರೆಗೆ ಎತ್ತರದ ಮರ ಅಥವಾ ಕಟ್ಟಡವೇ ಮರೆ. ದೀಪಗಳ ತಂತಿಯನ್ನು ಫಲಕದ ಮೂಲಕ ಹಾಯಿಸದಿರುವುದು ಒಳಿತು.

ಹೊಳಪಿಲ್ಲದ ಬಣ್ಣ, ದಿಗಂತದತ್ತ ಇಳಿದಂತೆಲ್ಲ ತಿಳಿಯಾಗುವ ನೀಲಿ, ಮುಂಭಾಗದ ಮೇಲಿನಿಂದ ಬೀಳುವ ಬೆಳಕು: ಇವಿಷ್ಟಿದ್ದರೆ ದೃಶ್ಯ ನಂಬಿಕೆ ಹುಟ್ಟಿಸುತ್ತದೆ. ಆದರೆ ಹಳಿಯ ಮೇಲಿನ ಮರದ ನೆರಳು ಆಕಾಶದ ಮೇಲೆ ಬಿದ್ದರೆ ಆ ನಂಬಿಕೆ ಅಲ್ಲಿಗೇ ಮುಗಿಯಿತು.

ಫಲಕಗಳ ಬೆನ್ನಿಗೆ ಸಂಖ್ಯೆ ಬರೆದು, ಅವು ಪ್ರತಿಬಾರಿಯೂ ಅದೇ ಸ್ಥಾನದಲ್ಲಿ ಕೂರುವಂತೆ ಎರಡು ಗೂಟಗಳನ್ನಿಟ್ಟರೆ ಕೆಲಸ ಪೂರ್ಣ. ಮರಗಳನ್ನು ನೆಡುವ ಮೊದಲೇ ಫಲಕವನ್ನು ಹಲವು ಬಾರಿ ಕಳಚಿ ಕೂರಿಸಿ ನೋಡುವುದು ಜಾಣತನ. ಆಗ ತಿದ್ದಬೇಕಾದುದು ಒಂದು ಪಟ್ಟಿಯನ್ನು ಮಾತ್ರ. ಆಮೇಲಾದರೆ ಇಡೀ ಊರನ್ನು.