ಹಿಮದ ಮೇಲೆ ನಿಲ್ಲುವ ಕ್ರಮ

ಕಾಶ್ಮೀರದ ಗುಲ್ಮಾರ್ಗಿಗೆ ಹೋಗಿ ಸ್ಕೀ ವಿದ್ಯೆಯನ್ನು ಕಲಿಯಬೇಕೆಂದು ಹಟ ಹಿಡಿದಿರುವ ಮಗಳನ್ನು ಕಳುಹಿಸಬಹುದೇ, ಹೆಣ್ಣುಮಗು ಬಿದ್ದರೆ ಗತಿಯೇನು ಎಂದು ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬರು ಈಚೆಗೆ ನಮ್ಮನ್ನು ಕೇಳಿದರು. ಅಕ್ಕಿಪೇಟೆಯಲ್ಲಿ ಹಿಮವಿಲ್ಲದಿದ್ದರೂ ಈ ಪ್ರಶ್ನೆಯು ಅನೇಕ ತಾಯಂದಿರದ್ದಾಗಿರುವುದರಿಂದ, ಉತ್ತರವನ್ನು ಈ ಸ್ಮರಣ ಸಂಚಿಕೆಯಲ್ಲಿ ಬರೆಯುವುದು ಉಚಿತವೆಂದೆಣಿಸಿದ್ದೇವೆ.

ಹೊಸಬರು ಬೀಳುವುದು ಬಹುಮಟ್ಟಿಗೆ ಭಯದಿಂದ. ಇಳಿಜಾರನ್ನು ಕಂಡೊಡನೆ ದೇಹವು ತಾನಾಗಿ ಹಿಂದಕ್ಕೆ ವಾಲುತ್ತದೆ. ಆಗ ಭಾರವೆಲ್ಲವೂ ಹಿಮ್ಮಡಿಗೆ ಇಳಿಯುವುದು. ಸ್ಕೀಯ ಮುಂಭಾಗವು ಹಿಮದ ಹಿಡಿತವನ್ನು ಕಳೆದುಕೊಳ್ಳುವುದು. ತಿರುಗಿಸಿದರೂ ಅದು ತಿರುಗದು. ಆದಕಾರಣ ಪಾದಗಳನ್ನು ಸೊಂಟದಗಲಕ್ಕೆ ಬಿಡಿಸಿ, ಹರಡು, ಮೊಳಕಾಲು, ಸೊಂಟ ಈ ಮೂರನ್ನೂ ಸ್ವಲ್ಪ ಸ್ವಲ್ಪವೇ ಬಾಗಿಸಿ, ಮುಂಗಾಲು ಬೂಟಿನ ಮುಂಭಾಗವನ್ನು ಮೆಲ್ಲನೆ ಒತ್ತುವಂತೆ ನಿಲ್ಲತಕ್ಕದ್ದು. ಭಾರವು ಪಾದದ ನಡುವಿನಲ್ಲಿರಬೇಕು. ಕೈಗಳು ಕಣ್ಣಿಗೆ ಕಾಣುವಂತೆ ಮುಂದಿರಬೇಕು. ದೃಷ್ಟಿಯು ಹೋಗಬೇಕಾದ ದಾರಿಯ ಮೇಲಿರಬೇಕು. ತಿರುಗುವಾಗ ಹೊರಬದಿಯ ಸ್ಕೀಯ ಮೇಲೆ ಹೆಚ್ಚು ಭಾರವನ್ನು ಹಾಕಬೇಕು. ಬಾಗಿದ ಮೊಳಕಾಲು ನೆಲದ ಏರುತಗ್ಗುಗಳನ್ನು ತಾನು ನುಂಗಿಕೊಂಡು ಮೇಲಿನ ದೇಹವನ್ನು ಅಲುಗದಂತೆ ಕಾಯುತ್ತದೆ. ಬೆನ್ನಮೇಲೆ ಮೂಟೆ ಹೊತ್ತು ನಮ್ಮ ಪೇಟೆಯ ಬೀದಿಗಳಲ್ಲಿ ನಡೆಯುವ ಹಮಾಲರನ್ನು ಗಮನಿಸಿದವರಿಗೆ ಇದು ಹೊಸ ಮಾತಲ್ಲ.

ಸ್ನೋಬೋರ್ಡಿನಲ್ಲಿ ಎರಡು ಪಾದಗಳೂ ಒಂದೇ ಹಲಗೆಗೆ ಅಡ್ಡಲಾಗಿ ಬಿಗಿಯಲ್ಪಡುತ್ತವೆ. ಮೆಜೆಸ್ಟಿಕ್ಕಿನ ಬಸ್ಸಿನಲ್ಲಿ ಸ್ಥಳ ದೊರೆಯದೆ ಪಕ್ಕಕ್ಕೆ ಮುಖಮಾಡಿ ನಿಂತವಳು ಮೊಳಕಾಲನ್ನು ಸಡಿಲಿಸಿ ಕುಲುಕಾಟವನ್ನು ತಡೆಯುವಂತೆ, ಇಲ್ಲಿಯೂ ಎರಡು ಕಾಲುಗಳ ಮೇಲೆ ಭಾರವನ್ನು ಹಂಚಿ ಮುಂದಿನ ಭುಜದ ಮೇಲಿಂದ ದಾರಿಯನ್ನು ನೋಡಬೇಕು. ಇಳಿಜಾರಿನ ಕಡೆಯ ಅಂಚು ಹಿಮದಲ್ಲಿ ಸಿಕ್ಕಿಕೊಂಡರೆ ತಟ್ಟನೆ ಬೀಳುವುದು ಖಂಡಿತ.

ಇಲ್ಲಿ ನಮ್ಮ ತಪ್ಪೊಂದನ್ನು ಒಪ್ಪಿಕೊಳ್ಳಬೇಕಾಗಿದೆ. ಡ್ರಿಲ್ಲಿನಲ್ಲಿ ಮೊಳಕಾಲು ಬಿಗಿದು ನಿಲ್ಲಿರೆಂದೂ, ಬೀದಿಯಲ್ಲಿ ತಲೆ ತಗ್ಗಿಸಿ ನಡೆಯಿರೆಂದೂ ನಾವು ಎಷ್ಟೋ ಹುಡುಗಿಯರಿಗೆ ಬೋಧಿಸಿದ್ದೇವೆ. ಹಿಮದ ಮೇಲೆ ಇವೆರಡೂ ಮರೆಯಬೇಕಾದ ಪಾಠಗಳು. ಕಾಲಬುಡವನ್ನೇ ನೋಡುವವಳಿಗೆ ಮುಂದಿನ ತಿರುವು ಕಾಣದು; ಬಿಗಿದು ನಿಂತವಳನ್ನು ಸಣ್ಣ ದಿಬ್ಬವೂ ಕೆಡಹುತ್ತದೆ.

ಹಿಮವಿಲ್ಲದ ಸೀಮೆಯವರಿಗೆ ಇದು ಸಾಧ್ಯವೇ ಎನ್ನುವವರು ಕೊಡಗಿನ ಭವಾನಿ ತೆಕ್ಕಡ ನಂಜುಂಡ ಅವರನ್ನು ನೆನೆಯಲಿ. ಇವರು 2025ರಲ್ಲಿ ಚಿಲಿ ದೇಶದಲ್ಲಿ ನಡೆದ 5 ಕಿಲೋಮೀಟರ್ ಸ್ಕೀ ಓಟದಲ್ಲಿ ಕಂಚಿನ ಪದಕವನ್ನು ಪಡೆದರು. ಇವರದು ಕ್ರಾಸ್ ಕಂಟ್ರಿ ಎಂಬ ದೂರದೋಟದ ಬಗೆ. ಇದರಲ್ಲಿ ಬೂಟಿನ ತುದಿ ಮಾತ್ರ ಸ್ಕೀಗೆ ಸಿಕ್ಕಿದ್ದು ಹಿಮ್ಮಡಿಯು ಬಿಡುವಾಗಿರುವುದರಿಂದ, ಪ್ರತಿ ಹೆಜ್ಜೆಗೂ ದೇಹದ ಭಾರವನ್ನು ಪೂರ್ತಿಯಾಗಿ ಒಂದು ಕಾಲಿನಿಂದ ಇನ್ನೊಂದಕ್ಕೆ ಸಾಗಿಸುವ ನಿಪುಣತೆ ಬೇಕಾಗುತ್ತದೆ. ಒಂಟಿಕಾಲಿನಲ್ಲಿ ಮೊಳಕಾಲು ಬಾಗಿಸಿ ನಿಲ್ಲುವ ಅಭ್ಯಾಸವನ್ನು ನಮ್ಮ ಮಕ್ಕಳು ಮನೆಯ ಜಗಲಿಯಲ್ಲಿಯೇ ಆರಂಭಿಸಬಹುದು.

ಆ ತಾಯಿಗೆ ನಾವು ಕಳುಹಿಸಿರೆಂದೇ ತಿಳಿಸಿದೆವು. ಅಳತೆಗೆ ಸರಿಯಾದ ಬೂಟು, ತಲೆಗೆ ಹೆಲ್ಮೆಟ್, ತರಬೇತಿ ಹೊಂದಿದ ಶಿಕ್ಷಕರು ಇವು ಮೂರೂ ಇರಲಿ. ಮೊದಲು ಸಣ್ಣ ಇಳಿಜಾರು ಸಾಕು. ಮಗು ಬಿದ್ದೇ ಬೀಳುವಳು. ಎದ್ದು ಮತ್ತೆ ಮುಂದಕ್ಕೆ ಬಾಗಿ ನಿಲ್ಲುವುದನ್ನು ಕಲಿತಳಾದರೆ, ಆ ಪಾಠವು ಹಿಮ ಕರಗಿದ ಮೇಲೆಯೂ ಅವಳಲ್ಲಿ ಉಳಿಯುವುದು.