ಬಾಣಂತಿಯರಲ್ಲಿ ಎದೆ ಕಟ್ಟುವಿಕೆ: ಕಾರಣಗಳು ಹಾಗೂ ಸದಸ್ಯರು ಗಮನಿಸಬೇಕಾದ ಅಂಶಗಳು

ಸಹಜ ಹೆರಿಗೆಯಾದ ತಾಯಿಯನ್ನು ಸಾಮಾನ್ಯವಾಗಿ 48 ಗಂಟೆಗಳ ನಂತರ ಆಸ್ಪತ್ರೆಯಿಂದ ಮನೆಗೆ ಕಳುಹಿಸಲಾಗುತ್ತದೆ. ಎದೆಯಲ್ಲಿ ಹಾಲು ತುಂಬಿಬರುವುದು ಹೆರಿಗೆಯ ನಂತರದ 2ರಿಂದ 5ನೇ ದಿನದೊಳಗೆ. ಆದಕಾರಣ ಎದೆ ಕಟ್ಟುವ ತೊಂದರೆಯು ಬಹುಮಟ್ಟಿಗೆ ಮನೆಯಲ್ಲಿಯೇ ಕಾಣಿಸಿಕೊಳ್ಳುತ್ತದೆ.

ಈ ದಿನಗಳಲ್ಲಿ ಸ್ತನಗಳಿಗೆ ರಕ್ತಸಂಚಾರವೂ ಹೆಚ್ಚುತ್ತದೆ. ಉತ್ಪತ್ತಿಯಾದ ಹಾಲು ಹೊರಹೋಗದಿದ್ದಲ್ಲಿ ಸ್ತನಗಳು ಊದಿ, ಬಿಗಿದು ನೋಯುತ್ತವೆ. ತೊಟ್ಟಿನ ಸುತ್ತಲ ಭಾಗ ಗಟ್ಟಿಯಾಗಿ ಶಿಶುವಿಗೆ ಬಾಯಿಯಲ್ಲಿ ಹಿಡಿಯಲಾಗದು. ‘ತಾಯಿಗೆ ಹಾಲಿಲ್ಲ’ ಎಂದು ಮನೆಯವರು ಬಾಟಲಿ ಹಾಲಿನ ಮೊರೆ ಹೋಗುವುದು ಈ ಹಂತದಲ್ಲಿಯೇ. ವಾಸ್ತವವಾಗಿ ಅಲ್ಲಿರುವುದು ಹಾಲಿನ ಕೊರತೆಯಲ್ಲ, ಹೊರಹರಿವಿನ ತಡೆ. ಈ ತಡೆ ಮುಂದುವರಿದರೆ ಹಾಲಿನ ಉತ್ಪತ್ತಿಯೂ ಕುಗ್ಗುತ್ತದೆ.

ಪ್ರಮುಖ ಕಾರಣಗಳು:

1. ಜನಿಸಿದ 1 ಗಂಟೆಯೊಳಗೆ ಹಾಲುಣಿಸದಿರುವುದು. ಗಿಣ್ಣುಹಾಲನ್ನು ಚೆಲ್ಲಿ ಜೇನುತುಪ್ಪ, ಸಕ್ಕರೆ ನೀರು ನೀಡುವುದು.
2. ದಿನಕ್ಕೆ 8ರಿಂದ 12 ಬಾರಿ ಹಾಲುಣಿಸುವ ಬದಲು ಗಡಿಯಾರ ನೋಡಿ ಉಣಿಸುವುದು, ರಾತ್ರಿ ಉಣಿಸದಿರುವುದು.
3. ಶಿಶು ತೊಟ್ಟನ್ನು ಮಾತ್ರ ಹಿಡಿದು, ಸುತ್ತಲ ಕಪ್ಪು ಭಾಗವನ್ನು ಹಿಡಿಯದಿರುವುದು.
4. ಸಿಸೇರಿಯನ್ ಹೆರಿಗೆ ಅಥವಾ ಶಿಶುವಿನ ವಿಶೇಷ ಆರೈಕೆಯ ಕಾರಣ ತಾಯಿ–ಮಗು ಬೇರೆ ಬೇರೆ ಇರುವುದು.
5. ಹೆರಿಗೆಯ ವೇಳೆ ಹೆಚ್ಚು ಡ್ರಿಪ್ ನೀಡಿರುವುದು.

ಎದೆ ಕಟ್ಟಿದಾಗ ಹಾಲುಣಿಸುವುದನ್ನು ನಿಲ್ಲಿಸಬಾರದು. ಮೊದಲು ಕೈಯಿಂದ ಸ್ವಲ್ಪ ಹಾಲು ಹಿಂಡಿದರೆ ತೊಟ್ಟಿನ ಸುತ್ತಲ ಭಾಗ ಮೆದುವಾಗಿ ಶಿಶುವಿಗೆ ಹಿಡಿತ ಸಿಗುತ್ತದೆ. ಉಣಿಸಿದ ನಂತರ ತಣ್ಣನೆಯ ಒದ್ದೆ ಬಟ್ಟೆಯನ್ನಿಟ್ಟರೆ ಊತ, ನೋವು ತಗ್ಗುತ್ತವೆ. ಬಾಣಂತಿಗೆ ತಂಪು ಸೋಕಬಾರದೆಂದು ಹಿರಿಯರು ತಡೆಯುವುದುಂಟು. ಆದರೆ ಇದರಿಂದ ಮಗುವಿಗೆ ಶೀತವಾಗುವುದಿಲ್ಲ. ಸ್ತನದ ಒಂದು ಭಾಗ ಕೆಂಪಾಗಿ ನೋವು ಹೆಚ್ಚಿದರೆ ಅಥವಾ ಚಳಿಜ್ವರ ಬಂದರೆ ವಿಳಂಬವಿಲ್ಲದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯತಕ್ಕದ್ದು.

ಗೃಹಾಧಾರಿತ ನವಜಾತ ಶಿಶು ಆರೈಕೆ ಕಾರ್ಯಕ್ರಮದಡಿ, ಆಸ್ಪತ್ರೆಯಲ್ಲಿ ಹೆರಿಗೆಯಾದ ತಾಯಿಯ ಮನೆಗೆ ಆಶಾ ಕಾರ್ಯಕರ್ತೆಯು 3, 7, 14, 21, 28 ಮತ್ತು 42ನೇ ದಿನ ಭೇಟಿ ನೀಡಬೇಕು. ಇವುಗಳಲ್ಲಿ 3ನೇ ದಿನದ ಭೇಟಿಯು ಎದೆ ಕಟ್ಟುವ ಅವಧಿಯಲ್ಲಿಯೇ ಬರುತ್ತದೆ. ಚೊಚ್ಚಲ ಹೆರಿಗೆಗೆ ತವರಿಗೆ ಬಂದವರ ಹೆಸರು ಗಂಡನ ಊರಿನ ಪಟ್ಟಿಯಲ್ಲಿದ್ದು, ಈ ಭೇಟಿ ತಪ್ಪುವ ಸಂಭವವಿರುತ್ತದೆ. ಸದಸ್ಯರು ತಮ್ಮ ವಾರ್ಡಿಗೆ ತವರಿಗೆಂದು ಬಂದ ಗರ್ಭಿಣಿಯರ ಮಾಹಿತಿಯನ್ನು ಹೆರಿಗೆಗೆ ಮುನ್ನವೇ ಸ್ಥಳೀಯ ಆಶಾ ಕಾರ್ಯಕರ್ತೆಗೆ ತಿಳಿಸುವುದು ಹಾಗೂ ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕತೆ ಸಮಿತಿಯ ಸಭೆಯಲ್ಲಿ 3ನೇ ದಿನದ ಭೇಟಿಗಳನ್ನು ಪ್ರತ್ಯೇಕವಾಗಿ ಪರಿಶೀಲಿಸುವುದು.