ಹೂವಿನಂಗಡಿ: ವರ್ತನೆಯೇ ಬಂಡವಾಳ

‘ಹೂ’ ಎಂಬ ನಾಮಪದಕ್ಕೆ ‘ಆಡಿಗ’ ಎಂಬ ತದ್ಧಿತ ಪ್ರತ್ಯಯ ಸೇರಿದರೆ ಹೂವಾಡಿಗ. ‘ಗಾರ’ ಸೇರಿದರೆ ಹೂಗಾರ. ವ್ಯಾಕರಣಕ್ಕೆ ಇಷ್ಟು ಸಾಕು. ಆದರೆ ಮೂರಡಿ ಅಗಲದ ಹೂವಿನಂಗಡಿಯೊಂದು ತಾತನಿಂದ ಮೊಮ್ಮಗನವರೆಗೆ ಬಾಳಿ ಬರುವ ಬಗೆಯನ್ನು ಪ್ರತ್ಯಯವು ತಿಳಿಸಲಾರದು. ಧಾನ್ಯದ ವರ್ತಕನು ಬೆಲೆ ಕುಸಿದಾಗ ಮೂಟೆಗಳನ್ನು ಉಗ್ರಾಣದಲ್ಲಿರಿಸಿ ಕಾಯಬಲ್ಲನು. ಹೂವಾಡಿಗನಿಗೆ ಆ ಅವಕಾಶವಿಲ್ಲ. ಬೆಳಗ್ಗೆ ಕೊಂಡ ಮಲ್ಲಿಗೆಯ ಮೊಗ್ಗು ಸಂಜೆಗೆ ಅರಳಿ ಮರುದಿನ ಬಾಡುವುದು. ಇಂತಹ ಸರಕನ್ನು ನೆಚ್ಚಿ ಒಂದು ಕುಟುಂಬವು ದಶಕಗಳ ಕಾಲ ಜೀವಿಸುವುದು ಹೇಗೆಂಬುದು ವಿಚಾರಾರ್ಹವಾಗಿದೆ.

ಅಂಗಡಿಯವನು ಬೆಂಗಳೂರಿನ ಕೃಷ್ಣರಾಜೇಂದ್ರ ಮಾರುಕಟ್ಟೆಯಂತಹ ಸ್ಥಳದಲ್ಲಿ ಬೆಳಕು ಹರಿಯುವ ಮುನ್ನವೇ ಬಿಡಿ ಹೂವನ್ನು ತೂಕದಿಂದ ಕೊಳ್ಳುತ್ತಾನೆ. ಕಟ್ಟಿದ ಹೂವನ್ನು ಮೊಳದಿಂದ ಮಾರುತ್ತಾನೆ. ತೂಕಕ್ಕೂ ಮೊಳಕ್ಕೂ ನಡುವಣ ಅಂತರವೇ ಅವನ ಸಂಪಾದನೆ. ಆ ಅಂತರವನ್ನು ತುಂಬುವವರು ಬಹುಮಟ್ಟಿಗೆ ಮನೆಯ ಹೆಣ್ಣುಮಕ್ಕಳು. ಬಾಳೆನಾರನ್ನು ನೆನೆಸಿ ಸೀಳಿ, ಮೊಗ್ಗುಗಳನ್ನು ತೊಟ್ಟಿಗೆ ತೊಟ್ಟು ಸೇರಿಸಿ, ನಲುಗದಂತೆ ಗಂಟು ಬಿಗಿಯುವ ಈ ಕೆಲಸಕ್ಕೆ ಅಂಗಡಿಯ ಲೆಕ್ಕದಲ್ಲಿ ಕೂಲಿ ಬರೆಯುವವರಿಲ್ಲ. ಬರೆದರೆ, ಲಾಭವೆಂದು ತೋರುವ ಎಷ್ಟೋ ಅಂಗಡಿಗಳ ವ್ಯಾಪಾರವು ನಷ್ಟವೆಂದೇ ಕಾಣಬಹುದು.

ಮೊಣಕೈಯಿಂದ ನಡುಬೆರಳ ತುದಿಯವರೆಗಿನ ಉದ್ದವು ಮೊಳ. ನಾಲ್ಕು ಮೊಳ ಒಂದು ಮಾರು. ಕೈಯ ಉದ್ದವು ಒಬ್ಬೊಬ್ಬರಲ್ಲಿ ಒಂದೊಂದು ಬಗೆ. ಹೂವನ್ನು ಒತ್ತಾಗಿಯೂ ಕಟ್ಟಬಹುದು, ವಿರಳವಾಗಿಯೂ ಕಟ್ಟಬಹುದು. ಉಡುಪಿಯ ಕಡೆ ಮಲ್ಲಿಗೆಯನ್ನು ಚೆಂಡು ಮತ್ತು ಅಟ್ಟೆಗಳ ಲೆಕ್ಕದಲ್ಲಿ ಮಾರುವ ಪದ್ಧತಿಯಿದ್ದು, ನಾಲ್ಕು ಚೆಂಡುಗಳಿಗೆ ಒಂದು ಅಟ್ಟೆಯಾಗುತ್ತದೆ. ಮೊಳದ ಲೆಕ್ಕದಲ್ಲಾದರೋ ಮಾರುವವನ ಮನಸ್ಸೇ ಅಳತೆಗೋಲು.

ಇನ್ನು ಋತುಮಾನ. ಬೇಸಿಗೆಯಲ್ಲಿ ಮಲ್ಲಿಗೆ ಸಮೃದ್ಧ. ಚಳಿಗಾಲದಲ್ಲಿ ಅದು ದುರ್ಲಭವಾಗಿ ಕಾಕಡ, ಕನಕಾಂಬರ, ಸೇವಂತಿಗೆಗಳು ಆ ಸ್ಥಾನಕ್ಕೆ ಬರುತ್ತವೆ. ಆಷಾಢದಲ್ಲಿ ಮದುವೆಗಳಿಲ್ಲದೆ ಅಂಗಡಿ ಬಿಕೋ ಎನ್ನುತ್ತದೆ; ಶ್ರಾವಣದ ವರಮಹಾಲಕ್ಷ್ಮಿ ವ್ರತದ ಹಿಂದಿನ ದಿನ ಬೆಲೆ ಹಲವು ಪಟ್ಟು ಏರುತ್ತದೆ. ಒಂದು ತಿಂಗಳ ಕೊರತೆಯನ್ನು ಒಂದು ದಿನದಲ್ಲಿ ತುಂಬಿಕೊಳ್ಳುವ ಆಸೆ ಹುಟ್ಟುವುದು ಆಗಲೇ.

ಆದರೆ ಬಹುಕಾಲ ಉಳಿದ ಅಂಗಡಿಗಳ ಆಧಾರವು ಹಬ್ಬದ ಲಾಭವಲ್ಲ, ‘ವರ್ತನೆ’. ಹಳೆಯ ಮೈಸೂರು ಸೀಮೆಯಲ್ಲಿ ಮನೆಮನೆಗೆ ನಿತ್ಯವೂ ಗೊತ್ತಾದ ಪ್ರಮಾಣದಲ್ಲಿ ಹೂವು, ಹಾಲು ಮುಂತಾದುವನ್ನು ಕೊಟ್ಟು ತಿಂಗಳಿಗೊಮ್ಮೆ ಹಣ ಪಡೆಯುವ ಏರ್ಪಾಡಿಗೆ ಈ ಹೆಸರಿದೆ. ನಡತೆ ಎಂಬ ಅರ್ಥವೂ ಅದೇ ಶಬ್ದಕ್ಕಿರುವುದು ಸಾರ್ಥಕವಾಗಿದೆ. ಬೆಲೆ ಏರಿದ ದಿನವೂ ವರ್ತನೆಯ ಮನೆಗೆ ಎಂದಿನ ಮೊಳವನ್ನು ಎಂದಿನ ಬೆಲೆಗೆ ಕೊಡುವವನು ಆ ದಿನ ನಷ್ಟವನ್ನು ಅನುಭವಿಸುತ್ತಾನೆ. ಆದರೆ ಬೆಲೆ ಇಳಿದ ದಿನವೂ ಆ ಮನೆಯವರು ಅವನನ್ನು ಬಿಡರು. ನಾಳೆ ಎಷ್ಟು ಹೂ ಬೇಕೆಂಬುದು ಇಂದೇ ತಿಳಿದಿರುವುದರಿಂದ, ಬಾಡಿ ಬಿಸುಡುವ ಹೂವಿನ ಪಾಲೂ ಕಡಮೆಯಾಗುತ್ತದೆ. ಕೆಡುವ ಸರಕಿಗೆ ಇದಕ್ಕಿಂತ ಮಿಗಿಲಾದ ಉಗ್ರಾಣವಿಲ್ಲ.

2020ರ ಮಾರ್ಚಿಯಲ್ಲಿ ಕೊರೊನಾ ನಿಮಿತ್ತ ದೇವಾಲಯಗಳು ಮುಚ್ಚಿ, ಮದುವೆಗಳು ನಿಂತಾಗ, ಬೆಳೆಗಾರರು ಹೂವನ್ನು ಹೊಲದಲ್ಲಿಯೇ ಚೆಲ್ಲಬೇಕಾಯಿತು. ಅದೇ ಮೇ ತಿಂಗಳಿನಲ್ಲಿ ರಾಜ್ಯ ಸರ್ಕಾರವು ಅವರಿಗೆ ಹೆಕ್ಟೇರಿಗೆ 25,000 ರೂಪಾಯಿಗಳ ಪರಿಹಾರವನ್ನು ಘೋಷಿಸಿತು. ಕಲ್ಯಾಣಮಂಟಪಗಳ ದೊಡ್ಡ ಹಾರಗಳನ್ನೇ ನೆಚ್ಚಿದ್ದ ಅಂಗಡಿಗೆ ಆಗ ಗಿರಾಕಿಗಳೇ ಇಲ್ಲವಾದರು. ಮನೆಗಳ ದೇವರ ಪೂಜೆಯಾದರೋ ನಿಲ್ಲಲಿಲ್ಲ. ಸಂಚಾರದ ನಿರ್ಬಂಧ ಸಡಿಲಿದಂತೆ ವರ್ತನೆಯ ಬಾಗಿಲು ಮೊದಲು ತೆರೆಯುವುದು ಸಹಜವೇ ಸರಿ.

ಇಂದು ಪ್ಲಾಸ್ಟಿಕ್ಕಿನ ಹೂವು ಬಾಗಿಲ ತೋರಣವನ್ನು ಆಕ್ರಮಿಸಿದೆ. ಓದಿದ ಮಕ್ಕಳು ಬೇರೆ ಉದ್ಯೋಗಗಳನ್ನು ಅರಸುವರು. ಮಕ್ಕಳು ಓದಲೆಂದೇ ಹೂ ಕಟ್ಟಿದ ತಾಯಂದಿರು ಅದಕ್ಕಾಗಿ ಕೊರಗಬೇಕಾಗಿಲ್ಲ. ಅಂಗಡಿಯು ಮುಂದಿನ ತಲೆಮಾರಿಗೆ ಸಾಗಬೇಕಾದರೆ ಮಾತ್ರ, ಹೂ ಕಟ್ಟುವ ಕೈಗೆ ಲೆಕ್ಕದಲ್ಲಿ ಸ್ಥಾನ ದೊರೆಯಲೇಬೇಕು. ಕಾಯಕಕ್ಕೆ ಗೌರವವೆಂದರೆ ಬರಿಯ ಹೊಗಳಿಕೆಯಲ್ಲ, ನ್ಯಾಯವಾದ ಪ್ರತಿಫಲವೂ ಹೌದು.

ವಿದ್ಯಾಸಂಸ್ಥೆಯ ಹಿತೈಷಿಗಳಿಗೆ ಈ ಚಿಕ್ಕ ಅಂಗಡಿಯ ರೀತಿ ಅಪರಿಚಿತವೇನಲ್ಲ. ಉತ್ಸವದ ದಿನದ ಮಹಾಹಾರವು ಎಲ್ಲರ ಕಣ್ಣಿಗೆ ಬೀಳುತ್ತದೆ. ಸಂಸ್ಥೆಯನ್ನು ನಡೆಸುವುದು ಮಾತ್ರ ಪ್ರತಿದಿನ ತಪ್ಪದೆ ಬರುವ ಒಂದು ಮೊಳದ ಹೂವೇ.